ಕಲೆ ಬಲ್ಲವರೇ ಜೊತೆಯಾಗಬೇಕೆ?



ಹಾಡುವ, ಬರೆಯುವ, ಚಿತ್ರ ಬಿಡಿಸುವ ತರುಣ ತರುಣಿಯರಿಗೆ ಮನೆಯವರು ಸಂಬಂಧ ನೋಡತೊಡಗಿದಾಗ ಒಂದು ಮಾತು ಕೇಳಿಬರುತ್ತದೆ: "ನನ್ನ ಕಲೆ ತಿಳಿದವರೇ ಬೇಕು, ಇಲ್ಲದಿದ್ದರೆ ಬಾಳು ಹೇಗೆ ಸಾಗೀತು?" ಇದನ್ನು ಹಗುರಾಗಿ ತಳ್ಳಿಹಾಕಬಾರದು. ಜೀವ ತೇಯ್ದು ಮಾಡಿದ ಕೆಲಸ ಸ್ವಂತ ಮನೆಯಲ್ಲೇ ಯಾರಿಗೂ ಬೇಡವಾದರೆ ಆ ಒಂಟಿತನ ಸಣ್ಣದಲ್ಲ. ಆದರೆ 'ತಿಳಿಯುವುದು' ಎಂದರೇನು?

ಕಲೆಯ ಒಳಗುಟ್ಟು ತಿಳಿಯುವುದು ಒಂದು. ಈ ಕೆಲಸ ಈ ಮನುಷ್ಯನಿಗೆ ಏನಾಗಿದೆ ಎಂದು ತಿಳಿಯುವುದು ಇನ್ನೊಂದು. ಮೊದಲನೆಯದು ಇದ್ದರೆ ಲಾಭವೇ. ಶಿವರಾಮ ಕಾರಂತರು 1936ರಲ್ಲಿ ಮದುವೆಯಾದ ಲೀಲಾ ಅವರು ನೃತ್ಯ ಬಲ್ಲವರು. ಕಾರಂತರ ಗೀತನಾಟಕಗಳಲ್ಲಿ ಪಾಲುಗೊಂಡವರು. ಮರಾಠಿಯಿಂದ ಕಾದಂಬರಿಯನ್ನು ಕನ್ನಡಕ್ಕೆ ತಂದವರು. ಅಂಥ ಜೋಡಿ ಎಲ್ಲರಿಗೂ ಸಿಗದು. ಎರಡನೆಯದು ಇಲ್ಲದಿದ್ದರೆ ಮಾತ್ರ ಸಂಸಾರ ಸಾಗದು.

ನಮ್ಮ ಜಿಲ್ಲೆಯವರೇ ಆದ ಬೇಂದ್ರೆಯವರನ್ನು ನೋಡಿ. 'ನರಬಲಿ' ಕವಿತೆಗಾಗಿ 1932ರಲ್ಲಿ ಸೆರೆಮನೆ, ಬಳಿಕ ಮುಗದದಲ್ಲಿ ನಿರ್ಬಂಧದ ವಾಸ, ಆಮೇಲೆ ನೌಕರಿಯಿಲ್ಲದ ದಿನಗಳು. ಕವಿತೆ ಬರೆದವರು ಒಬ್ಬರು. ಅದರ ಬೆಲೆ ತೆತ್ತವರು ಇಬ್ಬರು. ಮಕ್ಕಳ ಸಾವನ್ನೂ ಆ ದಂಪತಿ ಒಟ್ಟಿಗೇ ಕಂಡರು. ಮಗುವನ್ನು ಕಳೆದುಕೊಂಡ ಪತ್ನಿಯ ನೋಟವನ್ನು ಎದುರಿಸಲಾರದೆ ಬೇಂದ್ರೆ ಬರೆದ ಕವಿತೆಯನ್ನು ನೀವು ಕೇಳಿರಬಹುದು. ಅಲ್ಲಿ ಕವಿಯು ಪತ್ನಿಯಿಂದ ತನ್ನ ಕಾವ್ಯಕ್ಕೆ ಮೆಚ್ಚುಗೆ ಬೇಡುವುದಿಲ್ಲ. ಆಕೆಯ ದುಃಖದ ಮುಂದೆ ತಾನೇ ಸೋಲುತ್ತಾನೆ. ಅರಿಯಬೇಕಾದವನು ಅಲ್ಲಿ ಕವಿ!

ಆದ್ದರಿಂದ ಪ್ರಶ್ನೆಯನ್ನು ತಿರುಗಿಸಿ ಕೇಳೋಣ. 'ನನ್ನ ಕೆಲಸ ಅರಿಯಲಿ' ಎನ್ನುವ ಕಲಾವಿದನು, ಒಲೆಯ ಮುಂದೆ ಬೇಯುವ, ಎರೆಹೊಲದಲ್ಲಿ ಹತ್ತಿ ಬಿಡಿಸುವ ಸಂಗಾತಿಯ ಕೆಲಸವನ್ನು ಅರಿತಿದ್ದಾನೆಯೇ? ಕಲಾವಿದೆ ಹೆಣ್ಣಾದರೆ ಈ ಪ್ರಶ್ನೆ ಇನ್ನೂ ಹರಿತ. ಗಂಗೂಬಾಯಿ ಹಾನಗಲ್ ಅವರು ಗುರುಗಳಾದ ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು, ಸಂಸಾರದ ಭಾರವನ್ನೂ ಹೊತ್ತರು. ಅಂಥ ಹೆಣ್ಣಿಗೆ ಬೇಕಾದುದು ರಾಗ ಗುರುತಿಸುವ ಗಂಡನಿಗಿಂತ, ತಡವಾಗಿ ಮನೆಗೆ ಬಂದರೆ ಅನುಮಾನಿಸದ, ಅಳುವ ಕೂಸನ್ನು ಎತ್ತಿಕೊಳ್ಳುವ ಗಂಡ.

ಪೂರ್ತಿ ಅರಿಯದ್ದನ್ನೂ ಪೂರ್ತಿಯಾಗಿ ಪ್ರೀತಿಸಬಹುದು ಎನ್ನುತ್ತಾರೆ ಸಂತ ಥಾಮಸ್ ಅಕ್ವಿನಾಸರು. ಬುದ್ಧಿ ಒಂದೊಂದೇ ಭಾಗವನ್ನು ಬಿಡಿಸಿ ನೋಡುತ್ತದೆ. ಪ್ರೀತಿ ಇದ್ದುದನ್ನು ಇದ್ದಂತೆಯೇ ಅಪ್ಪುತ್ತದೆ. ದೇವಾಲಯದಲ್ಲಿ ಸಿಕ್ಕ ಬಾಲಯೇಸುವಿನ ಮಾತು ಮಾತೆ ಮರಿಯಮ್ಮನವರಿಗೂ ಜೋಸೆಫರಿಗೂ ಅರ್ಥವಾಗಲಿಲ್ಲ ಎನ್ನುತ್ತದೆ ಲೂಕನ ಶುಭಸಂದೇಶ. ಆದರೂ ತಾಯಿ ಅದನ್ನು ಗೇಲಿ ಮಾಡಲಿಲ್ಲ; ಮನದಲ್ಲಿ ಜೋಪಾನವಾಗಿ ಇಟ್ಟುಕೊಂಡರು.

ಅರ್ಥವಾಗದಿರುವುದು ತಪ್ಪಲ್ಲ, ತಾತ್ಸಾರ ತಪ್ಪು. "ಇದರಿಂದ ಹೊಟ್ಟೆ ತುಂಬೀತೇ?" ಎಂಬ ದಿನನಿತ್ಯದ ಚುಚ್ಚುಮಾತು ಪ್ರತಿಭೆಯನ್ನಷ್ಟೇ ಅಲ್ಲ, ಪ್ರೀತಿಯನ್ನೂ ಕೊಲ್ಲುತ್ತದೆ. ಹಾಗೆಯೇ ಕಲೆಯ ಹೆಸರಿನಲ್ಲಿ ಹೆಂಡತಿ ಮಕ್ಕಳನ್ನು ಮರೆಯುವುದಕ್ಕೂ ಯಾರಿಗೂ ಹಕ್ಕಿಲ್ಲ.

ಸಂಬಂಧ ನೋಡುತ್ತಿರುವ ತರುಣರೇ, "ಇವರಿಗೆ ನನ್ನ ಕಲೆ ಗೊತ್ತೇ?" ಎಂದು ಕೇಳುವ ಮೊದಲು, "ಇವರು ನನ್ನ ಕೆಲಸವನ್ನು ಗೌರವಿಸುವರೇ? ನಾನು ಇವರದನ್ನು ಗೌರವಿಸುವೆನೇ?" ಎಂದು ಕೇಳಿಕೊಳ್ಳಿ. ಎರಡಕ್ಕೂ ಹೌದೆಂಬ ಉತ್ತರ ಬಂದರೆ ಧೈರ್ಯವಾಗಿ ಮುಂದುವರಿಯಿರಿ. ಉಳಿದದ್ದನ್ನು ಒಂದೇ ಮನೆಯಲ್ಲಿದ್ದು ಕಲಿಯಲು ವರ್ಷಗಳಿವೆ.