ಕೇಳುವವರಿಲ್ಲದ ಮನುಷ್ಯನು



ಒಂಟಿತನವೆಂದರೇನು? ಜನರಿಲ್ಲದ ಸ್ಥಳದಲ್ಲಿರುವದೇ ಒಂಟಿತನವೆಂದು ನಾವು ಸಾಧಾರಣವಾಗಿ ಎಣಿಸುತ್ತೇವೆ. ಆದರೆ ಶಿವರಾಮ ಕಾರಂತರ ಎರಡು ಕಾದಂಬರಿಗಳನ್ನು ಜೊತೆಯಾಗಿಟ್ಟು ಓದಿದರೆ ಈ ಎಣಿಕೆಯು ಸಾಲದೆಂದು ತಿಳಿಯುವದು.

1933ರಲ್ಲಿ ಪ್ರಕಟವಾದ ‘ಚೋಮನ ದುಡಿ’ಯ ಚೋಮನು ಐದು ಮಂದಿ ಮಕ್ಕಳ ತಂದೆ, ಅಸ್ಪೃಶ್ಯನೆಂದು ಎಣಿಸಲ್ಪಟ್ಟ ಜೀತದಾಳು. ಅವನಲ್ಲಿ ಎರಡು ಎತ್ತುಗಳಿದ್ದವು, ಉಳುವದಕ್ಕೆ ಅಂಗೈಯಷ್ಟು ಭೂಮಿಯಿರಲಿಲ್ಲ. ಇಂಥವನಿಗೆ ಎತ್ತುಗಳೇಕೆ, ಬೇಸಾಯವೇಕೆ ಎಂಬದೇ ಊರಿನವರ ಮಾತು. ಅವನ ಮಗನು ಹೊಳೆಯಲ್ಲಿ ಮುಳುಗುತ್ತಿದ್ದಾಗ ದಡದಲ್ಲಿ ಜನರಿದ್ದರೂ ಮುಟ್ಟಿ ಎತ್ತುವವರಿರಲಿಲ್ಲ. ಭೂಮಿ ಸಿಕ್ಕೀತೆಂಬ ಆಶೆಯಿಂದ ಅವನು ಕ್ರೈಸ್ತನಾಗಲು ಮನಸ್ಸು ಮಾಡಿ, ತನ್ನ ದೈವವಾದ ಪಂಜುರ್ಲಿಯನ್ನು ತೊರೆಯಲಾರದೆ ಹಿಂದಿರುಗಿದನು. ಅವನ ದುಡಿಯ ಶಬ್ದವು ಊರಿಗೆಲ್ಲಾ ಕೇಳಿಸಿತು. ಅದರೊಳಗಿನ ಅಳಲು ಭೂಮಿಯನ್ನು ಕೊಡಬಲ್ಲವರಿಗೆ ಕೇಳಿಸಲಿಲ್ಲ. ಕಡೆಗೆ ಕದ ಮುಚ್ಚಿಕೊಂಡು ದುಡಿಯನ್ನು ಬಾರಿಸುತ್ತಲೇ ಪ್ರಾಣ ಬಿಟ್ಟನು.

1968ರ ‘ಮೂಕಜ್ಜಿಯ ಕನಸುಗಳು’ ಎಂಬ ಗ್ರಂಥದ ಅಜ್ಜಿಯು ಬಾಲ್ಯದಲ್ಲಿಯೇ ವಿಧವೆಯಾದವಳು. ಆಕೆ ಬಹುಕಾಲ ಮೌನವಾಗಿದ್ದಳು. ಬಾಯಿ ತೆರೆದರೆ ಮರುಳೆಂದರು. ಆದರೆ ಮೊಮ್ಮಗನಾದ ಸುಬ್ಬರಾಯನು ಆಕೆಯ ಬಳಿಯಲ್ಲಿ ಕೂತು ಕೇಳಿದನು. ಆದಕಾರಣ ಆಕೆಯ ಒಳಗಿದ್ದ ವಿವೇಕವು ಹೊರಗೆ ಬಂತು. ದೇವರನ್ನು ಕುರಿತು ಆಕೆ ಆಡಿದ ಮಾತುಗಳಲ್ಲಿ ನಾವು ಒಪ್ಪದಂಥವು ಅನೇಕವುಂಟು. ಆದರೂ ಕೇಳುವದು ಬೇರೆ, ಒಪ್ಪುವದು ಬೇರೆ.

ಕೇಳಿದ ಮಾತ್ರಕ್ಕೆ ಏನಾದೀತು, ಚೋಮನಿಗೆ ಬೇಕಾದದ್ದು ಭೂಮಿಯಲ್ಲವೇ ಎಂದು ಯಾರಾದರೂ ಅಂದಾರು. ನಿಜವೇ. ಕಿವಿಗೊಟ್ಟು ಕೈಗೊಡದಿರುವದು ಅರ್ಧ ಪ್ರೀತಿ. ಆದರೆ ಕಿವಿಗೊಡದವನು ಏನನ್ನು ಕೊಡಬೇಕೆಂಬದನ್ನೇ ಅರಿಯನು. ಉಳುವೆನೆಂದವನಿಗೆ ಒಂದು ಹಿಡಿ ಅಕ್ಕಿಯನ್ನು ಕೊಟ್ಟು, ಧರ್ಮ ಮಾಡಿದೆನೆಂದು ತೃಪ್ತಿಪಡುವನು.

ಚೋಮನು ಹಿಂದಿರುಗಿದ್ದನ್ನು ಓದುವಾಗ ನಮ್ಮಲ್ಲಿ ಕೆಲವರು ಅವನನ್ನು ಚಂಚಲನೆಂದಾರು. ಭೂಮಿಗಾಗಿ ಬಂದನು, ದೈವಕ್ಕಾಗಿ ಹೋದನು ಎನ್ನುವದು ಸುಲಭ. ಆದರೆ ನಮ್ಮ ಹಿರಿಯರ ಮನೆಗಳಲ್ಲಿಯೂ ಇಂಥ ತೊಳಲಾಟದ ರಾತ್ರಿಗಳು ಇದ್ದಿಲ್ಲವೋ? ತನಗೆ ಪ್ರಿಯವಾದದ್ದನ್ನು ಲಾಭಕ್ಕಾಗಿ ಮಾರಲೊಲ್ಲದವನನ್ನು ಹಗುರವಾಗಿ ತೀರ್ಪು ಮಾಡತಕ್ಕದ್ದಲ್ಲ.

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಂಥ ಸ್ಥಳಗಳಿಗೆ ದುಡಿಯಲು ಪರವೂರಿನವರು ಬರುತ್ತಾರೆ. ಕಾರ್ಖಾನೆಯಲ್ಲಿ ನೂರು ಜನರ ನಡುವೆ ನಿಂತರೂ ಸಂಜೆ ಬಾಡಿಗೆಯ ಕೋಣೆಗೆ ಮರಳುವಾಗ ಮಾತಾಡಿಸುವವರು ಇಲ್ಲದಿರಬಹುದು. ನಮ್ಮ ಹಳ್ಳಿಗಳಲ್ಲಿಯೂ ಜಗಲಿಯ ಮೂಲೆಯಲ್ಲಿ ಗೊಣಗುವ ಮುದುಕಿಯು, ಕೂಟಕ್ಕೆ ಬರುವದನ್ನು ಬಿಟ್ಟ ನೆರೆಯವನು ಇದ್ದಾರೆ. ಅಂಥವರ ವಿಷಯವಾಗಿ ನಾವು ಎಷ್ಟೋ ಮಾತಾಡಿದ್ದೇವೆ. ಅವರ ಸಂಗಡ ಎಷ್ಟು ಮಾತಾಡಿದ್ದೇವೆ?

ಮೂಕಜ್ಜಿಗೆ ದೊರೆತದ್ದು ಒಬ್ಬನೇ ಒಬ್ಬ ಮೊಮ್ಮಗನು. ಅಷ್ಟೇ ಸಾಕಾಯಿತು. ಆ ಒಬ್ಬನಾಗುವದಕ್ಕೆ ವಿದ್ಯೆಯೂ ಬೇಡ, ಹಣವೂ ಬೇಡ. ಈ ವಾರದಲ್ಲಿ ಒಂದು ಸಂಜೆ ಅವರ ಬಾಗಲಿಗೆ ಹೋಗಿ ಕೂತರೆ ಆದೀತು.