ಉರಿಯದ ದೀಪದ ಸಾಕ್ಷ್ಯ

ಬೈಕಿನ ಮೀಟರಿನಲ್ಲಿ ಪೆಟ್ರೋಲ್ ಬಂಕಿನ ಚಿತ್ರವಿರುವ ಪುಟ್ಟ ಹಳದಿ ದೀಪ ಹೊತ್ತಿಕೊಂಡರೆ ಯಾರಿಗೂ ಗೊಂದಲವಿಲ್ಲ. ಪೆಟ್ರೋಲ್ ಮುಗಿಯುತ್ತ ಬಂದಿದೆ, ಹಾಕಿಸಬೇಕು, ಅಷ್ಟೆ. ಕಷ್ಟವಿರುವುದು ಅದು ಹೊತ್ತದಿದ್ದಾಗ. ಸಕಲೇಶಪುರದಲ್ಲಿ ಟ್ಯಾಂಕ್ ತುಂಬಿಸದೆ ಶಿರಾಡಿ ಘಾಟಿಯ ಕಡೆ ಹೊರಡುವ ಸವಾರ ‘ದೀಪ ಇನ್ನೂ ಬಂದಿಲ್ಲ, ಸಾಕಾಗುತ್ತೆ’ ಅಂದುಕೊಳ್ಳುತ್ತಾನೆ. ಅವನಿಗಿರುವ ಆಧಾರವೆಂದರೆ ಬೆಳಕು ಕಾಣದಿರುವುದು. ಕಾಣದಿರುವುದರಿಂದ ಏನನ್ನಾದರೂ ತಿಳಿಯಬಹುದೇ ಎಂಬುದು ನಮ್ಮ ದರ್ಶನಕಾರರು ಶತಮಾನಗಟ್ಟಲೆ ವಾದಿಸಿದ ಪ್ರಶ್ನೆ. ದೇವರಿದ್ದಾನೆಯೇ ಎಂಬ ಚರ್ಚೆಯೂ ಒಂದು ಹಂತದಲ್ಲಿ ಇಲ್ಲಿಗೇ ಬಂದು ನಿಂತಿತ್ತು.

ನೆಲದ ಮೇಲೆ ಗಡಿಗೆ ಇಲ್ಲ ಎಂಬುದು ನಮಗೆ ಹೇಗೆ ತಿಳಿಯುತ್ತದೆ? ಏಳನೇ ಶತಮಾನದ ಮೀಮಾಂಸಕ ಕುಮಾರಿಲ ಭಟ್ಟ ಇದನ್ನು ಗಂಭೀರವಾಗಿ ಕೈಗೆತ್ತಿಕೊಂಡ. ಕಣ್ಣಿಗೆ ಕಾಣುವುದು ನೆಲ ಮಾತ್ರ; ‘ಇಲ್ಲ’ ಎಂಬುದಕ್ಕೆ ಬಣ್ಣವೂ ಇಲ್ಲ, ಆಕಾರವೂ ಇಲ್ಲ. ಹಾಗಾಗಿ ಕಾಣದಿರುವಿಕೆಯೇ ಒಂದು ಪ್ರತ್ಯೇಕ ಪ್ರಮಾಣ, ಅಂದರೆ ತಿಳಿಯುವ ದಾರಿ, ಅದು ಅನುಪಲಬ್ಧಿ ಎಂದು ಅವನ ಪರಂಪರೆ ಹೇಳಿತು. ಅದ್ವೈತಿಗಳು ಅದನ್ನು ಒಪ್ಪಿಕೊಂಡರು, ಮೀಮಾಂಸಕರಲ್ಲೇ ಇನ್ನೊಂದು ಪಂಥದ ಪ್ರಾಭಾಕರರು ಒಪ್ಪಲಿಲ್ಲ. ಉಡುಪಿಯ ಮಧ್ವಾಚಾರ್ಯರು ಪ್ರತ್ಯಕ್ಷ, ಅನುಮಾನ, ಆಗಮ ಈ ಮೂರೇ ಸಾಕು ಎಂದರು. ಅನುಪಲಬ್ಧಿಯನ್ನು ಒಪ್ಪಿದವರೂ ಅದಕ್ಕೆ ಕಟ್ಟುನಿಟ್ಟಿನ ಷರತ್ತೊಂದನ್ನು ಹಾಕಿದ್ದರು: ಯೋಗ್ಯತೆ. ಗಡಿಗೆ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಅನ್ನುವಷ್ಟು ಅನುಕೂಲ ಅಲ್ಲಿರಬೇಕು. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದರೆ ಏನೂ ಸಿದ್ಧವಾಗುವುದಿಲ್ಲ. ಪಿಶಾಚಿ ಹಾಡಹಗಲಲ್ಲೂ ಕಾಣದು. ಕಾಣುವಂಥದ್ದೇ ಅಲ್ಲದ್ದು ಕಾಣಲಿಲ್ಲವೆಂದು ಅದರ ಬಗ್ಗೆ ತೀರ್ಮಾನ ಕೊಡುವ ಹಾಗಿಲ್ಲ.

ಈ ಷರತ್ತನ್ನು ಬೈಕಿನ ದೀಪಕ್ಕೆ ಹಚ್ಚಿ ನೋಡಬೇಕು.

ಹಲವು ಬೈಕುಗಳಲ್ಲಿ ಆ ದೀಪವನ್ನು ನಡೆಸುವುದು ಟ್ಯಾಂಕಿನ ತಳದ ಹತ್ತಿರ ಕೂತಿರುವ ಥರ್ಮಿಸ್ಟರ್ ಎಂಬ ಚಿಕ್ಕ ಬಿಡಿಭಾಗ. ಪೆಟ್ರೋಲಿನಲ್ಲಿ ಮುಳುಗಿರುವವರೆಗೆ ಅದು ತಣ್ಣಗಿರುತ್ತದೆ, ವಿದ್ಯುತ್ತನ್ನು ಸರಿಯಾಗಿ ಹರಿಯಗೊಡುವುದಿಲ್ಲ. ಪೆಟ್ರೋಲ್ ಇಳಿದು ಅದು ಹೊರಗೆ ಬಂದಾಗ ತನ್ನೊಳಗಿನ ವಿದ್ಯುತ್ತಿನಿಂದಲೇ ಬಿಸಿಯಾಗಿ, ತಡೆ ಕಡಿಮೆಯಾಗಿ, ದೀಪ ಹೊತ್ತುತ್ತದೆ. ಬಿಸಿಯಾಗಲು ಸ್ವಲ್ಪ ಹೊತ್ತು ಬೇಕು. ಕುಲುಕಾಟದಲ್ಲಿ ಪೆಟ್ರೋಲ್ ಮೇಲೆ ಚಿಮ್ಮಿದರೆ ಮತ್ತೆ ತಣ್ಣಗಾಗುತ್ತದೆ. ಏರು ಇಳಿತಗಳಲ್ಲಿ ದೀಪ ಹೊತ್ತಿ ಆರುವುದು ಹೀಗೆ. ಇಷ್ಟೆಲ್ಲ ಸರಿ. ಆದರೆ ಥರ್ಮಿಸ್ಟರಿನ ವೈರು ತುಂಡಾದರೆ? ಆಗ ದೀಪ ಎಂದಿಗೂ ಹೊತ್ತುವುದಿಲ್ಲ. ಟ್ಯಾಂಕ್ ತುಂಬಿದ್ದಾಗಿನ ಮೌನ ಮತ್ತು ವೈರು ಹೋದಾಗಿನ ಮೌನ, ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಕೀಲಿ ತಿರುಗಿಸಿದ ಕೂಡಲೇ ಮೀಟರಿನ ದೀಪಗಳು ಒಮ್ಮೆ ಹೊತ್ತಿ ಆರುವಂತೆ ಕೆಲವು ತಯಾರಕರು ಮಾಡಿರುವುದು ಇದಕ್ಕೇ. ಅದೊಂದು ಯೋಗ್ಯತಾ ಪರೀಕ್ಷೆ. ಆದರೂ ಅರ್ಧ ಪರೀಕ್ಷೆ: ದೀಪ ಹೊತ್ತಬಲ್ಲದು ಎಂಬುದನ್ನು ತೋರಿಸುತ್ತದೆ, ಟ್ಯಾಂಕಿನೊಳಗಿನ ಥರ್ಮಿಸ್ಟರ್ ಜೀವಂತವಾಗಿದೆ ಎಂಬುದನ್ನಲ್ಲ.

ಮೀಟರಿನಲ್ಲಿ ಪೆಟ್ರೋಲಿನ ಮಟ್ಟ ತೋರಿಸುವ ಮುಳ್ಳಿನ ದೋಷ ಬೇರೆ ಜಾತಿಯದು. ಟ್ಯಾಂಕಿನೊಳಗೆ ತೇಲುವ ಫ್ಲೋಟಿಗೆ ಒಂದು ಕಡ್ಡಿ, ಆ ಕಡ್ಡಿಯ ತುದಿ ಉಜ್ಜುತ್ತ ಸಾಗುವ ಒಂದು ವಿದ್ಯುತ್ ಪಟ್ಟಿ, ಇಷ್ಟೇ ಅದರ ಯಂತ್ರ. ಬೈಕಿನ ಟ್ಯಾಂಕು ಚೌಕ ಡಬ್ಬಿಯಲ್ಲ. ಫ್ರೇಮಿನ ಮೇಲೆ ಕಾಲು ಚಾಚಿ ಕೂತ ಆಕಾರದ್ದು, ಅದರ ಹೊಟ್ಟೆಯ ನಡುವೆ ಫ್ರೇಮಿನ ಪೈಪು ಹಾಯುತ್ತದೆ. ಫ್ಲೋಟ್ ಅಳೆಯುವುದು ಎತ್ತರವನ್ನು, ಸವಾರನಿಗೆ ಬೇಕಾದದ್ದು ಲೀಟರು. ಆದ್ದರಿಂದ ಮುಳ್ಳು ಫುಲ್‌ನಲ್ಲಿ ಬಹಳ ದೂರ ಅಲುಗದೆ ಕೂತು, ಅರ್ಧ ದಾಟಿದ ಮೇಲೆ ಸರಸರ ಇಳಿಯುವುದು ಹಲವು ಬೈಕುಗಳಲ್ಲಿ ಕಾಣುವ ಸಂಗತಿ. ಸೈಡ್ ಸ್ಟ್ಯಾಂಡ್ ಹಾಕಿ ಎಡಕ್ಕೆ ವಾಲಿಸಿದಾಗ ಒಂದು ಲೆಕ್ಕ, ನೆಟ್ಟಗೆ ನಿಲ್ಲಿಸಿದಾಗ ಇನ್ನೊಂದು. ಇವು ಸುಳ್ಳೇ ಆದರೂ ಪ್ರತಿ ಸಲ ಒಂದೇ ರೀತಿ ಹೇಳುವ ಸುಳ್ಳು. ತನ್ನ ಗಾಡಿಯನ್ನು ಬಲ್ಲವನು ಅದರಿಂದಲೂ ನಿಜ ತೆಗೆಯಬಲ್ಲ. ಉಜ್ಜುವ ಪಟ್ಟಿಯೇ ಕೆಟ್ಟರೆ ಮಾತ್ರ ಈ ಜಾಣತನ ಉಪಯೋಗಕ್ಕೆ ಬರುವುದಿಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳ ಕಾಲದ ಸವಾರರು ಮುಳ್ಳನ್ನಾಗಲಿ ದೀಪವನ್ನಾಗಲಿ ನಂಬಿಕೊಂಡಿರಲಿಲ್ಲ. ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ ಅವರ ಆಧಾರ. ಅದರೊಳಗೆ ಎತ್ತರದ್ದೊಂದು ಬಾಯಿ, ತಳದಲ್ಲಿ ಇನ್ನೊಂದು. ಮೇಲಿನ ಬಾಯಿಗೆ ಪೆಟ್ರೋಲ್ ಸಿಗದಾದಾಗ ಎಂಜಿನ್ ಮುಗ್ಗರಿಸುತ್ತದೆ. ಎಡಗೈ ಕೆಳಗಿಳಿಸಿ ಕಾಕ್ ತಿರುಗಿಸಿದರೆ ‘ರಿಸರ್ವ್‌ಗೆ ಬಿತ್ತು’. ಇಲ್ಲಿ ಎಚ್ಚರಿಕೆ ಬರುವುದು ಮೌನದಿಂದಲ್ಲ, ಕೈಕಾಲಿಗೆ ತಾಕುವ ಒಂದು ಘಟನೆಯಿಂದ. ಬಂಕಿನಿಂದ ಹೊರಡುವಾಗ ಕಾಕನ್ನು ಹಿಂದಕ್ಕೆ ತಿರುಗಿಸಲು ಮರೆಯದಿದ್ದರೆ ಸಾಕು, ಅದು ಕೈಕೊಡುವುದು ಅಪರೂಪ.

ಒಂದೇ ವಸ್ತುವನ್ನು ಹಲವು ಪ್ರಮಾಣಗಳಿಂದ ತಿಳಿಯಬಹುದು ಎಂದು ನ್ಯಾಯದರ್ಶನದವರಾದ ನೈಯಾಯಿಕರು ಹೇಳಿದರು. ದೂರದ ಬೆಟ್ಟದಲ್ಲಿ ಬೆಂಕಿಯಿದೆಯೆಂದು ಯಾರೋ ಹೇಳಿದ್ದು, ಹೊಗೆ ಕಂಡು ಊಹಿಸಿದ್ದು, ಹತ್ತಿರ ಹೋಗಿ ಕಣ್ಣಾರೆ ನೋಡಿದ್ದು, ಹೀಗೆ ಮೂರು ದಾರಿ. ಇದಕ್ಕೆ ಪ್ರಮಾಣಸಂಪ್ಲವ ಎಂದು ಹೆಸರು. ಇದೇ ಲೆಕ್ಕದಲ್ಲಿ, ಮುಳ್ಳು ಇನ್ನೂ ಮೇಲಿದೆ, ದೀಪವೂ ಬಂದಿಲ್ಲ, ಎರಡು ಸಾಕ್ಷಿ ಇದೆಯೆಂದು ಸವಾರ ನಿಶ್ಚಿಂತನಾಗುತ್ತಾನೆ. ಆದರೆ ಎಷ್ಟೋ ಬೈಕುಗಳಲ್ಲಿ ದೀಪಕ್ಕೂ ಮುಳ್ಳಿಗೂ ಸುದ್ದಿ ಕೊಡುವುದು ಅದೇ ಒಂದು ಫ್ಲೋಟು. ಒಬ್ಬನೇ ಸಾಕ್ಷಿ ಎರಡು ಸಲ ಮಾತಾಡಿದ ಮಾತ್ರಕ್ಕೆ ಸಾಕ್ಷ್ಯ ಗಟ್ಟಿಯಾಗುವುದಿಲ್ಲ.

ಒಂದೇ ಸಾಕ್ಷಿಯನ್ನು ಎರಡೆಂದು ನಂಬುವುದರ ಬೆಲೆ ಎಷ್ಟು ಘೋರವಾಗಬಲ್ಲದು ಎಂಬುದು 2005ರ ಆಗಸ್ಟ್ 6ರಂದು ಕಂಡಿತು. ಇಟಲಿಯ ಬಾರಿಯಿಂದ ಟ್ಯುನೀಶಿಯಾದ ಜೆರ್ಬಾಕ್ಕೆ ಹೊರಟಿದ್ದ ಎಟಿಆರ್ 72 ವಿಮಾನದಲ್ಲಿ ಎಟಿಆರ್ 42ಕ್ಕೆ ಸೇರಿದ ಇಂಧನ ಮಾಪಕವನ್ನು ಜೋಡಿಸಲಾಗಿತ್ತು. ಮಾಪಕ ಕೆಟ್ಟಿರಲಿಲ್ಲ, ಬೇರೆ ಟ್ಯಾಂಕಿಗಾಗಿ ಮಾಡಿದ್ದಾಗಿತ್ತು. ಟ್ಯಾಂಕು ಬರಿದಾಗುತ್ತಿದ್ದರೂ ಅದು ಇಂಧನವಿದೆಯೆಂದೇ ತೋರಿಸಿತು. ಎಚ್ಚರಿಕೆಯ ದೀಪವೂ ಅದೇ ಮಾಪಕವನ್ನು ಅವಲಂಬಿಸಿದ್ದರಿಂದ ಹೊತ್ತಲಿಲ್ಲ. ಎರಡೂ ಎಂಜಿನ್ ನಿಂತು ವಿಮಾನ ಸಿಸಿಲಿಯ ಪಲೆರ್ಮೋ ಬಳಿ ಸಮುದ್ರಕ್ಕಿಳಿಯಿತು. ಅದರಲ್ಲಿದ್ದ 39 ಜನರಲ್ಲಿ 16 ಮಂದಿ ಸತ್ತರು.

ಸುಮಾರು ಸಾವಿರ ವರ್ಷದ ಹಿಂದೆ ಮಿಥಿಲೆಯ ನೈಯಾಯಿಕ ಉದಯನ ತನ್ನ ನ್ಯಾಯಕುಸುಮಾಂಜಲಿಯಲ್ಲಿ ಇದೇ ಯೋಗ್ಯತೆಯ ಷರತ್ತನ್ನು ಹಿಡಿದು ನಾಸ್ತಿಕರನ್ನು ಎದುರಿಸಿದ. ದೇವರು ಕಾಣುವುದಿಲ್ಲ, ಆದ್ದರಿಂದ ಇಲ್ಲ ಎನ್ನುವವನಿಗೆ ಅವನ ಮರುಪ್ರಶ್ನೆ: ಇದ್ದರೆ ಕಣ್ಣಿಗೆ ಬೀಳುವಂಥವನೇ ಅವನು? ಬರೀ ಕಾಣದಿರುವುದೇ ಸಾಕೆಂದಾದರೆ, ಕಂಡದ್ದನ್ನಷ್ಟೇ ನಂಬುವ ಚಾರ್ವಾಕ ಮನೆಯಿಂದ ಹೊರಗೆ ಕಾಲಿಟ್ಟೊಡನೆ ಹೆಂಡತಿ ಮಕ್ಕಳು ಇಲ್ಲವಾದರೆಂದು ಅಳಬೇಕಾದೀತು ಎಂದ. ಈ ವಾದ ದೇವರನ್ನು ಸಿದ್ಧಮಾಡುವುದಿಲ್ಲ. ಅದಕ್ಕೆ ಉದಯನ ಬೇರೆ ಯುಕ್ತಿಗಳನ್ನು ಕೊಟ್ಟಿದ್ದಾನೆ. ಇಷ್ಟರ ಮಟ್ಟಿಗೆ ಮಾತ್ರ ಅವನ ಮಾತನ್ನು ಆಸ್ತಿಕನೂ ನಾಸ್ತಿಕನೂ ಒಪ್ಪಲೇಬೇಕು. ಪ್ರಾರ್ಥನೆಗೆ ಉತ್ತರ ಬರಲಿಲ್ಲ, ಆದ್ದರಿಂದ ಕೇಳುವವನಿಲ್ಲ ಎನ್ನುವುದೂ, ಕೇಡು ತಟ್ಟಲಿಲ್ಲ, ಆದ್ದರಿಂದ ಕಾಯುವವನಿದ್ದಾನೆ ಎನ್ನುವುದೂ ಪರೀಕ್ಷಿಸದ ಮೌನದ ಮೇಲೆ ಕಟ್ಟಿದ ತೀರ್ಮಾನಗಳು.

ಹಾಗೆಂದು ಎಲ್ಲವನ್ನೂ ಶಂಕಿಸುತ್ತ ಕೂತರೆ ಗಾಡಿ ಹೊರಡುವುದಿಲ್ಲ. ಸುಳ್ಳೆಂದು ತೋರಿಸುವ ಬಾಧಕವೊಂದು ಎದುರಾಗುವವರೆಗೆ, ತಿಳಿವಿನ ಸಾಧನವಾದ ಕರಣದ ದೋಷ ತಿಳಿಯುವವರೆಗೆ ಜ್ಞಾನವನ್ನು ನಂಬಬೇಕು, ಮೂರು ನಾಲ್ಕು ಪರೀಕ್ಷೆಗಿಂತ ಹೆಚ್ಚು ಬೇಡ ಎಂದು ಕುಮಾರಿಲನೇ ಹೇಳಿದ್ದಾನೆ. ಕೆಲಸ ಫಲಿಸಿದಾಗಲೇ ಜ್ಞಾನ ನಿಜವೆಂದು ಖಚಿತವಾಗುವುದು ಎಂಬ ನೈಯಾಯಿಕರ ಮಾತು ಪೆಟ್ರೋಲಿನ ವಿಷಯದಲ್ಲಿ ತಡವಾಗಿ ಒದಗುತ್ತದೆ. ಖಚಿತವಾಗುವ ಹೊತ್ತಿಗೆ ಬೈಕು ಘಾಟಿಯಲ್ಲಿ ನಿಂತಿರುತ್ತದೆ. ಇಲ್ಲಿ ಕುಮಾರಿಲನ ದಾರಿಯೇ ಸರಿ.

ಆ ಮೂರು ನಾಲ್ಕು ಪರೀಕ್ಷೆಗಳನ್ನಾದರೂ ಸವಾರರು ಮಾಡಬೇಕು. ಕೀಲಿ ತಿರುಗಿಸಿದಾಗ ಹಳದಿ ದೀಪ ಒಮ್ಮೆ ಹೊತ್ತುವ ಗಾಡಿಯಾದರೆ ಅದು ಹೊತ್ತುತ್ತದೆಯೇ ನೋಡಿ. ಓಡುವಾಗ ದೀಪ ಬಂದ ಕೂಡಲೇ ಹತ್ತಿರದ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಎಷ್ಟು ಲೀಟರ್ ಹಿಡಿಯಿತೆಂದು ಬರೆದಿಟ್ಟುಕೊಳ್ಳಿ. ಕೈಪಿಡಿಯಲ್ಲಿರುವ ಟ್ಯಾಂಕಿನ ಅಳತೆಯಿಂದ ಅದನ್ನು ಕಳೆದರೆ, ನಿಮ್ಮ ಗಾಡಿಯ ದೀಪ ಹೊತ್ತಿದ ಮೇಲೆ ಸುಮಾರು ಎಷ್ಟು ಪೆಟ್ರೋಲ್ ಉಳಿದಿರುತ್ತದೆ ಎಂಬುದು ಸಿಗುತ್ತದೆ.