ಕ್ಷಮೆಯ ಪಟ್ಟಿಯಲ್ಲಿ ತಾನೂ

ನಿಪ್ಪಾಣಿ ಬಳಿಯ ಭೋಜದ ಆಚಾರ್ಯ ಶಾಂತಿಸಾಗರರು, ಕಾಗವಾಡದ ಕಡೆಯ ಶೇಡಬಾಳದ ವಿದ್ಯಾನಂದರು, ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ವಿದ್ಯಾಸಾಗರರು: ಕಬ್ಬು, ತಂಬಾಕಿನ ಈ ನೆಲ ದಿಗಂಬರ ಮುನಿಗಳ ತವರು. ಧ್ಯಾನಶಿಬಿರ ಇಲ್ಲಿ ಹೊಸ ಸರಕೇನಲ್ಲ.

ಭಾದ್ರಪದ ಶುದ್ಧ ಪಂಚಮಿಯಿಂದ ನಡೆಯುವ ದಶಲಕ್ಷಣ ಪರ್ವವೇ ಅಂಥದ್ದೊಂದು ಶಿಬಿರ. ಉಪವಾಸ, ಸ್ವಾಧ್ಯಾಯ, ಜೊತೆಗೆ ಸಾಮಾಯಿಕ, ಅಂದರೆ ಎರಡು ಗಳಿಗೆ, 48 ನಿಮಿಷ ಸಮಭಾವದಲ್ಲಿ ಕೂರುವುದು. ದಿನಕ್ಕೊಂದು ಧರ್ಮ, ಮೊದಲ ದಿನದ್ದು ಉತ್ತಮ ಕ್ಷಮೆ. ಪರ್ವ ಮುಗಿದ ಮೇಲೆ ಸಕಲ ಜೀವಿಗಳ ಕ್ಷಮೆ ಕೇಳುವ ಕ್ಷಮಾವಣಿ.

ಆ ಸಕಲರಲ್ಲಿ ನಾನೂ ಸೇರುತ್ತೇನೆಯೇ?

ಮಾಡಿದ ತಪ್ಪಿನಿಂದ ಹಿಂದಿರುಗುವ ವಿಧಿಯಾದ ಪ್ರತಿಕ್ರಮಣದಲ್ಲಿ ಸಾಧಕ ತನ್ನ ತಪ್ಪನ್ನು ತಾನೇ ನಿಂದಿಸಿಕೊಳ್ಳುತ್ತಾನೆ. ಮೇಲ್ನೋಟಕ್ಕೆ ಇದು ಸ್ವಕರುಣೆಗೆ, ಅಂದರೆ ತನ್ನ ಮೇಲೆ ತಾನು ತೋರುವ ಕರುಣೆಗೆ ವಿರುದ್ಧ. ಆದರೆ ನಿಂದನೆ ಕೃತ್ಯಕ್ಕೆ, ಆತ್ಮಕ್ಕಲ್ಲ. ಜೈನ ದೃಷ್ಟಿಯಲ್ಲಿ ಕರ್ಮ ಮೆತ್ತಿದ ಧೂಳು, ಆತ್ಮದ ಸ್ವಭಾವ ಶುದ್ಧ. ಕ್ರೋಧ ಆತ್ಮವನ್ನು ಕಲುಷಿತಗೊಳಿಸುವ ಕಷಾಯವೆಂದ ಮೇಲೆ ತನ್ನ ಮೇಲಿನ ಕ್ರೋಧಕ್ಕೆ ಮಾತ್ರ ರಿಯಾಯಿತಿ ಹೇಗೆ? ಅಮೆರಿಕದ ಮನೋವಿಜ್ಞಾನಿ ಕ್ರಿಸ್ಟಿನ್ ನೆಫ್ 2003ರಲ್ಲಿ ಸ್ವಕರುಣೆಯನ್ನು ಅಳೆಯುವ ಮಾನದಂಡ ರೂಪಿಸಿದರು. ತನ್ನ ಬಗೆಗಿನ ಮೃದುತ್ವ, ನೋವು ಎಲ್ಲರಿಗೂ ಇದೆಯೆಂಬ ತಿಳಿವು, ಎಚ್ಚರ ಅದರ ಅಂಗಗಳು. ಸಾಮ್ಯ ಉಂಟು. ಗುರಿ ಮಾತ್ರ ಬೇರೆ: ಅಲ್ಲಿ ನೆಮ್ಮದಿ, ಇಲ್ಲಿ ಕರ್ಮನಿರ್ಜರೆ, ಅಂದರೆ ಆ ಧೂಳು ಉದುರುವುದು.

ತನ್ನ ಮೇಲಿನ ಈ ಕರುಣೆ ಉಪವಾಸಕ್ಕೂ ಸಲ್ಲುತ್ತದೆ. ಮೈಯಲ್ಲಿ ತ್ರಾಣವಿಲ್ಲದವರು, ಮಾತ್ರೆ ನುಂಗುವವರು ಹಟ ಹಿಡಿಯಬೇಕಿಲ್ಲ. ಜೈನರು ಭಾವಿಸಬೇಕೆನ್ನುವ ಷೋಡಶ (ಹದಿನಾರು) ಭಾವನೆಗಳಲ್ಲಿ ಶಕ್ತಿಗೆ ತಕ್ಕ ತಪಸ್ಸೂ ಒಂದು.